ಕಣ್ಣುರೆಪ್ಪೆಯ ಗ್ರಂಥಿ ಮತ್ತು ವಂಶವಾಹಿ ವಿಶ್ಲೇಷಣೆ

ಚಿಂಚೋಳಿ ಎಂಐಡಿಸಿಯಿಂದ ಅಕ್ಕಲಕೋಟೆಯವರೆಗಿನ ನಮ್ಮ ಒಣಹವೆಯ ಸೀಮೆಯಲ್ಲಿ ಕಣ್ಣುರಿ ಎಂದೊಡನೆ ಧೂಳನ್ನು ದೂರುತ್ತೇವೆ. ಕೆಲವೊಮ್ಮೆ ಕಾರಣವು ರೆಪ್ಪೆಯೊಳಗೇ ಇರುತ್ತದೆ. ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್ 1666ರಲ್ಲಿ ವರ್ಣಿಸಿದ ಮೈಬೋಮಿಯನ್ ಗ್ರಂಥಿಗಳು ಅಲ್ಲಿ ಸಾಲಾಗಿವೆ. ಇವು ಸ್ರವಿಸುವ ಎಣ್ಣೆಯು ಕಣ್ಣೀರಿನ ಮೇಲೆ ತೆಳುಪದರವಾಗಿ ಹರಡಿ, ಅದು ಬೇಗನೆ ಆವಿಯಾಗದಂತೆ ಕಾಯುತ್ತದೆ. ಗ್ರಂಥಿಯ ನಾಳ ಕಟ್ಟಿದರೆ ಕಣ್ಣು ಒಣಗಿ ಉರಿಯುತ್ತದೆ. ರೆಪ್ಪೆಯಲ್ಲಿ ಗಂಟೂ ಆಗಬಹುದು.

ನಾಳವೇಕೆ ಕಟ್ಟುತ್ತದೆ? ಡಿಎನ್‌ಎಯ ಸಂದೇಶವು ಆರ್‌ಎನ್‌ಎಗೆ ನಕಲಾಗುವುದನ್ನು ಹತ್ತನೆಯ ಇಯತ್ತೆಯ ಅನುವಂಶಿಕತೆಯ ಪಾಠದಲ್ಲಿ ಕಲಿಸುತ್ತೇವೆ. ಆ ನಕಲುಗಳನ್ನು ಅಳೆದರೆ ಯಾವ ವಂಶವಾಹಿ ಹೆಚ್ಚು ಕೆಲಸ ಮಾಡುತ್ತಿದೆಯೆಂದು ತಿಳಿಯುತ್ತದೆ. ಅಮೆರಿಕದ ಬಾಸ್ಟನ್‌ನಲ್ಲಿರುವ ಶೆಪೆನ್ಸ್ ನೇತ್ರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೋಗಗ್ರಸ್ತ ಮತ್ತು ಆರೋಗ್ಯವಂತ ಗ್ರಂಥಿಗಳನ್ನು ಹೀಗೆ ಹೋಲಿಸಿ 2011ರಲ್ಲಿ ವರದಿ ಮಾಡಿದರು. ರೋಗಗ್ರಸ್ತ ಗ್ರಂಥಿಗಳಲ್ಲಿ ಕೆರಟಿನೀಕರಣದ ವಂಶವಾಹಿಗಳು ಹೆಚ್ಚು ಸಕ್ರಿಯವಾಗಿದ್ದವು. ಕೆರಟಿನ್ ಎಂದರೆ ಉಗುರು, ಕೂದಲುಗಳಲ್ಲಿರುವ ಗಟ್ಟಿ ಪ್ರೋಟೀನು. ಅದು ಸೇರಿ ನಾಳ ಮುಚ್ಚುತ್ತದೆಯೆಂಬ ಹಿಂದಿನ ತಿಳಿವಳಿಕೆಗೆ ಇದರಿಂದ ಬಲ ಬಂತು. ಕೆರಟಿನ್ನನ್ನು ಸಡಿಲಿಸುವ ಸೆಲೆನಿಯಂ ಸಲ್ಫೈಡ್ ಮುಲಾಮನ್ನು ರೋಗಿಗಳಲ್ಲಿ ಪರೀಕ್ಷಿಸಲಾಗಿದೆ.

ಇಲ್ಲಿ ವಂಶವಾಹಿಯನ್ನು ಬದಲಿಸುವುದಿಲ್ಲ, ಓದುತ್ತಾರೆ. ಈ ಅಂತರವನ್ನು ತರಗತಿಯಲ್ಲಿ ಸ್ಪಷ್ಟಪಡಿಸಬೇಕು. ಇಲ್ಲವಾದರೆ ಮಕ್ಕಳು ಕಣ್ಣುರಿಯನ್ನು ಹೆತ್ತವರಿಂದ ಬಂದ ಶಾಪವೆಂದು ತಿಳಿದಾರು. ಇಂದಿಗೂ ಮೊದಲ ಉಪಚಾರ ಸರಳವಾದುದು: ಬೆಚ್ಚನೆಯ ಒದ್ದೆಬಟ್ಟೆಯ ಶಾಖ, ರೆಪ್ಪೆಯ ಸ್ವಚ್ಛತೆ. ಮತ್ತೆ ಮತ್ತೆ ಕಣ್ಣುಜ್ಜುವ ಮಗುವನ್ನು ಗದರಿಸದೆ ನೇತ್ರವೈದ್ಯರಲ್ಲಿಗೆ ಕಳುಹಿಸುವುದು ಶಿಕ್ಷಕರ ಕರ್ತವ್ಯ.