ಬಂಡೆಗುಡ್ಡದ ಹಳದಿ ಕೊರಳಿನ ಪಿಕಳಾರ



ಪಿಕಳಾರ ನಮಗೆಲ್ಲ ಗೊತ್ತಿರುವ ಹಕ್ಕಿ. ತಲೆಯ ಮೇಲೆ ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಹಿತ್ತಲ ಬೇಲಿಗೂ ಬರುತ್ತದೆ. ಇದರ ದಾಯಾದಿಯೊಂದು ನಮ್ಮ ಸೇಲಂ, ಧರ್ಮಪುರಿ ಕಡೆಯ ಬೆಟ್ಟಗಳಲ್ಲೇ ಇದೆ. ಆದರೆ ಅದನ್ನು ಕಂಡವರು ಕಡಿಮೆ. ಅದೇ ಹಳದಿ ಕೊರಳಿನ ಪಿಕಳಾರ. ಇದಕ್ಕೆ ಜುಟ್ಟಿಲ್ಲ. ತಲೆ, ಕೊರಳು ಹಳದಿ, ಎದೆ ಬೂದು. ಬಲು ಸಂಕೋಚದ ಹಕ್ಕಿ, ಆಳು ಕಂಡೊಡನೆ ಪೊದೆ ಸೇರುತ್ತದೆ.

1845ರಲ್ಲಿ ಜೆರ್ಡನ್ ಎಂಬ ಇಂಗ್ಲಿಷ್ ವೈದ್ಯರು ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಈ ಹಕ್ಕಿ ಇಲ್ಲ. ಕರ್ನಾಟಕದ ನಂದಿಬೆಟ್ಟ, ರಾಮನಗರದ ಬೆಟ್ಟಗಳು, ನಮ್ಮಲ್ಲಿ ಏರ್ಕಾಡಿನ ಶೇರ್ವರಾಯನ್ ಬೆಟ್ಟ, ಮೇಲಗಿರಿ ಇವು ಅದರ ನೆಲೆಗಳು.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅಳಿವಿನ ಭೀತಿಯಲ್ಲಿರುವ ಜೀವಿಗಳ ಕೆಂಪು ಪಟ್ಟಿಯೊಂದನ್ನು ಇಟ್ಟಿದೆ. ಅದರಲ್ಲಿ ಭೀತಿಗೆ ಮೂರು ಮೆಟ್ಟಿಲು. ನಮ್ಮ ಹಕ್ಕಿ ಮೊದಲನೆಯ ಮೆಟ್ಟಿಲಿನಲ್ಲಿದೆ. ಅಂದರೆ ಇಂದೇ ಅಳಿಯುವ ಸ್ಥಿತಿಯಲ್ಲ. ಆದರೆ ಹೀಗೇ ಬಿಟ್ಟರೆ ಮೇಲಿನ ಮೆಟ್ಟಿಲಿಗೆ ಹೋಗಬಹುದೆಂಬ ಎಚ್ಚರಿಕೆ.

ಹೀಗಾಗಲು ಕಾರಣವೇನು? ಈ ಹಕ್ಕಿಗೆ ದಟ್ಟ ಕಾಡು ಬೇಡ. ಹೆಬ್ಬಂಡೆಗಳು, ಅವುಗಳ ನಡುವೆ ಕುರುಚಲು ಪೊದೆ, ಬಂಡೆ ಸಂದಿಯಲ್ಲಿ ಬೇರುಬಿಟ್ಟ ಅತ್ತಿ ಜಾತಿಯ ಮರಗಳ ಹಣ್ಣು, ಒಂದಿಷ್ಟು ಹುಳುಹುಪ್ಪಟೆ, ಇಷ್ಟಿದ್ದರೆ ಸಾಕು. ನಾವು ಮಾತ್ರ ಅಂಥ ಜಾಗವನ್ನು ಬಂಜರು ಎನ್ನುತ್ತೇವೆ. ಬಂಜರಾದ ಮೇಲೆ ಕಲ್ಲು ಒಡೆಯಲು ಅಡ್ಡಿಯೇನು?

ಧರ್ಮಪುರಿ ಸೀಮೆ, 2004ರಲ್ಲಿ ಅದರಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆ, ಎರಡೂ ಗ್ರಾನೈಟಿಗೆ ಹೆಸರಾದವು. ಕ್ವಾರಿಯಿಂದ ಬದುಕು ನಡೆಸುವ ಕುಟುಂಬಗಳೂ ಇವೆ. ಕಲ್ಲೇ ಬೇಡ ಎನ್ನುವಂತಿಲ್ಲ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಕಡಿದ ಕಾಡು ಐವತ್ತು ವರ್ಷಕ್ಕಾದರೂ ಚಿಗುರೀತು. ಸೀಳಿದ ಬಂಡೆ ಮತ್ತೆ ಬೆಳೆಯುವುದಿಲ್ಲ.

2014ರಲ್ಲಿ ಈ ಎರಡು ಜಿಲ್ಲೆಗಳ ಕಾಡಿನ ಒಂದು ಭಾಗವನ್ನು ಕಾವೇರಿ ಉತ್ತರ ವನ್ಯಧಾಮವೆಂದು ಘೋಷಿಸಲಾಯಿತು. ಅದು ಒಳ್ಳೆಯ ಹೆಜ್ಜೆ. ಆದರೆ ಊರ ಮಗ್ಗುಲಲ್ಲಿ ಒಂಟಿಯಾಗಿ ನಿಂತ ಗುಡ್ಡಗಳಿಗೆ ಆ ರಕ್ಷಣೆ ಇಲ್ಲ. ಅವನ್ನು ಕಾಯುವವರು ಊರಿನವರೇ. ಗುಡ್ಡದ ಅತ್ತಿಮರವನ್ನು ಸೌದೆಗೆ ಕಡಿಯದಿರುವುದು, ಬೇಸಗೆಯಲ್ಲಿ ಪೊದೆಗೆ ಬೆಂಕಿ ಇಡದಿರುವುದು, ಹೊಸ ಕ್ವಾರಿಯ ಮಾತು ಬಂದಾಗ ಗ್ರಾಮಸಭೆಯಲ್ಲಿ ಎದ್ದು ಕೇಳುವುದು, ಇವಕ್ಕೆ ಖರ್ಚಿಲ್ಲ.

ನಿಮ್ಮೂರ ಗುಡ್ಡವನ್ನು ಯಾರಾದರೂ ಬಂಜರು ಎಂದರೆ, ಅಲ್ಲಿ ವಾಸವಿರುವವರು ಯಾರು ಎಂದು ಒಮ್ಮೆ ನೋಡಿಬನ್ನಿ.