ಕ್ಯಾಲ್ಸಿಯಂ ನಾರ್ಮಲ್, ಎಲುಬು ಮಾತ್ರ ಟೊಳ್ಳು

ಏಕಸಂಬಿಯ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ದಾದಿಯ ಮಣಿಕಟ್ಟು ಮುರಿಯಿತು. ಡೆಕ್ಸಾ ಸ್ಕ್ಯಾನ್‌ನಲ್ಲಿ ಎಲುಬು ಸವೆದದ್ದು ಕಂಡು ಡಾಕ್ಟರು ಮಾತ್ರೆ ಬರೆದರು. "ರಕ್ತದಾಗ ಕ್ಯಾಲ್ಸಿಯಂ ನಾರ್ಮಲ್ ಐತಿ, ಮಾತ್ರಿ ಯಾಕ?" ಎಂದು ದಾದಿ ಬಿಟ್ಟುಬಿಟ್ಟರು. ನಾನೂ ಹೌದೆಂದಿದ್ದೆ.

ಅದು ತಪ್ಪು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಎಲುಬಿನಿಂದಲೇ ತೆಗೆಸಿ ಸರಿದೂಗಿಸುತ್ತದೆ. ಹೀಗಾಗಿ ವರದಿ ನಾರ್ಮಲ್!

ಸವೆತದ ಗುರುತು ಬೇರೆ. ಎಲುಬು ಕರಗುವಾಗ ಕೊಲಾಜನ್ ತುಣುಕಾದ 'ಸಿಟಿಎಕ್ಸ್' ರಕ್ತಕ್ಕೆ ಬರುತ್ತದೆ; ಹೊಸದು ಕಟ್ಟುವಾಗ 'ಪಿ1ಎನ್‌ಪಿ'. ಊಟ ಮಾಡಿದರೆ ಸಿಟಿಎಕ್ಸ್ ಇಳಿಯುವುದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ರಕ್ತ ಕೊಡಬೇಕು. ಎಲುಬು ಮುರಿದ ಮೇಲೆ ಕೆಲವು ತಿಂಗಳು ಎರಡೂ ಏರಿರುತ್ತವೆ. ರೋಗ ಪತ್ತೆಗೆ ಸ್ಕ್ಯಾನೇ ಬೇಕು. ಆದರೆ ಮಾತ್ರೆ ಹಿಡಿಸಿದೆಯೇ ಎಂಬುದು ಸಿಟಿಎಕ್ಸ್‌ನಿಂದ 3–6 ತಿಂಗಳಲ್ಲೇ ತಿಳಿಯುತ್ತದೆ.

ದಾದಿ ಮತ್ತೆ ಮಾತ್ರೆ ಶುರು ಮಾಡಿದ್ದಾರೆ.