ಎಸೆತಕ್ಕೆ 49 ಲಕ್ಷ, ನೋಡುವವರಿಗೆ ಬಿಟ್ಟಿ

2025ರ ಜೂನ್ 3ರ ರಾತ್ರಿ ಅಹಮದಾಬಾದಿನ ಐಪಿಎಲ್ ಫೈನಲಿನಲ್ಲಿ ಆರ್‌ಸಿಬಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿತು. ಹದಿನೆಂಟು ವರ್ಷ ಕಾದ ಕಪ್ ಕೊನೆಗೂ ಕೈಗೆ ಬಂತು. ಅಭಿಮಾನಿಗಳು ಬೇಕಾದರೆ ಇದಕ್ಕೊಂದು ಮೂಢನಂಬಿಕೆಯನ್ನೂ ಸೇರಿಸಿಕೊಳ್ಳಬಹುದು. 2023 ಮತ್ತು 2024ರಲ್ಲಿ ಮೊಬೈಲಿನಲ್ಲಿ ಇಡೀ ಐಪಿಎಲ್ ಬಿಟ್ಟಿ ಸಿಕ್ಕಿತ್ತು. ಆ ಎರಡೂ ವರ್ಷ ಬೆಂಗಳೂರಿನ ತಂಡ ಫೈನಲ್ ತಲುಪಲಿಲ್ಲ. ಜನ ಚಂದಾ ಕಟ್ಟಿ ನೋಡಬೇಕಾಗಿ ಬಂದ ವರ್ಷ ಗೆದ್ದುಬಿಟ್ಟಿತು!

ಆಟಕ್ಕೂ ಚಂದಾಕ್ಕೂ ಸಂಬಂಧವಿಲ್ಲ, ನಿಜ. ಆದರೆ ಬಿಟ್ಟಿ ಕೊಟ್ಟವರು ಎರಡೇ ವರ್ಷಕ್ಕೆ ಅದನ್ನು ನಿಲ್ಲಿಸಿದ್ದೇಕೆ ಎಂಬ ಪ್ರಶ್ನೆಗೆ ಕ್ರೀಡಾಂಗಣದ ಹೊರಗೆ ಉತ್ತರವಿದೆ.

2022ರ ಜೂನ್‌ನಲ್ಲಿ ಬಿಸಿಸಿಐ ಐದು ವರ್ಷಗಳ ಪ್ರಸಾರ ಹಕ್ಕನ್ನು ಹರಾಜಿಗಿಟ್ಟಿತು. ಟಿವಿಗೆ ಬೇರೆ ಹರಾಜು, ಡಿಜಿಟಲ್‌ಗೆ ಬೇರೆ. ಟಿವಿ ಹಕ್ಕು 23,575 ಕೋಟಿ ರೂಪಾಯಿಗೆ ಡಿಸ್ನಿ ಸ್ಟಾರ್ ಪಾಲಾಯಿತು. ಭಾರತದ ಡಿಜಿಟಲ್ ಹಕ್ಕನ್ನು ರಿಲಯನ್ಸ್ ಬೆಂಬಲದ ವಯಾಕಾಮ್18 ಕಂಪನಿ 20,500 ಕೋಟಿಗೆ ಎತ್ತಿಕೊಂಡಿತು. ಉಳಿದ ಪ್ಯಾಕೇಜುಗಳೂ ಸೇರಿ ಒಟ್ಟು 48,390 ಕೋಟಿ. ಅದಕ್ಕೂ ಹಿಂದಿನ ಐದು ವರ್ಷಗಳಿಗೆ ಸ್ಟಾರ್ ಕೊಟ್ಟದ್ದು 16,347 ಕೋಟಿ. ಹೊಸ ಲೆಕ್ಕದಲ್ಲಿ ಒಂದು ಪಂದ್ಯಕ್ಕೆ 118 ಕೋಟಿ, 240 ಎಸೆತಗಳಿಗೆ ಹಂಚಿದರೆ ಒಂದೊಂದು ಎಸೆತಕ್ಕೆ 49 ಲಕ್ಷ. ವೈಡ್, ನೋಬಾಲ್ ಬಿಟ್ಟು.

ಇಷ್ಟು ಸುರಿದ ವಯಾಕಾಮ್18 ಮಾಡಿದ್ದೇನು? ಜಿಯೋಸಿನಿಮಾ ಆ್ಯಪ್‌ನಲ್ಲಿ ಪಂದ್ಯಗಳನ್ನು ಪುಕ್ಕಟೆ ಬಿಟ್ಟಿತು. ಕನ್ನಡವೂ ಸೇರಿ 12 ಭಾಷೆಗಳಲ್ಲಿ ಕಾಮೆಂಟರಿ, ಭೋಜಪುರಿಗೂ ಜಾಗ. ಜಿಯೋ ಸಿಮ್ಮೇ ಬೇಕೆಂಬ ನಿಯಮವೂ ಇರಲಿಲ್ಲ. ಚೆನ್ನೈ–ಗುಜರಾತ್ ನಡುವಿನ 2023ರ ಫೈನಲನ್ನು ಒಂದು ಹಂತದಲ್ಲಿ 3.2 ಕೋಟಿ ಮಂದಿ ಏಕಕಾಲಕ್ಕೆ ನೋಡುತ್ತಿದ್ದರು. ಪಂದ್ಯವೇನೋ ಬಿಟ್ಟಿ, ಡೇಟಾ ಬಿಟ್ಟಿಯಲ್ಲ. ಆ ಸೀಸನ್ ಶುರುವಾಗುವ ಹೊತ್ತಿಗೆ ರಿಲಯನ್ಸ್‌ನದೇ ಆದ ಜಿಯೋ ದಿನಕ್ಕೆ 3 ಜಿಬಿ ಕೊಡುವ ಕ್ರಿಕೆಟ್ ಪ್ಲಾನ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತ್ತು.

ಪೆಟ್ಟು ಬಿದ್ದದ್ದು ಹಾಟ್‌ಸ್ಟಾರ್‌ಗೆ. 2015ರಲ್ಲಿ ಸ್ಟಾರ್ ಇಂಡಿಯಾ ಹುಟ್ಟುಹಾಕಿದ ಆ್ಯಪ್ ಅದು. ಮೊಬೈಲಿನಲ್ಲಿ ಕ್ರಿಕೆಟ್ ನೋಡುವ ಚಟವನ್ನು ಈ ದೇಶಕ್ಕೆ ಹತ್ತಿಸಿದ್ದೇ ಅದು ಎನ್ನಬೇಕು. 2019ರಲ್ಲಿ ಡಿಸ್ನಿ ಕಂಪನಿ ರೂಪರ್ಟ್ ಮರ್ಡೋಕ್ ಅವರ ಟ್ವೆಂಟಿಫಸ್ಟ್ ಸೆಂಚುರಿ ಫಾಕ್ಸನ್ನು 7,130 ಕೋಟಿ ಡಾಲರ್‌ಗೆ ಕೊಂಡಾಗ ಸ್ಟಾರ್ ಕೂಡ ಅದರ ಜೊತೆಗೇ ಬಂತು. ಮರುವರ್ಷ ಆ್ಯಪ್‌ನ ಹೆಸರು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಆಯಿತು. 2022ರ ಅಕ್ಟೋಬರ್ ಆರಂಭದಲ್ಲಿ ಅದಕ್ಕೆ 6.13 ಕೋಟಿ ಚಂದಾದಾರರಿದ್ದರು. ಐಪಿಎಲ್ ಕೈತಪ್ಪಿದ ಮೇಲೆ, ಒಂದೇ ವರ್ಷದಲ್ಲಿ, ಉಳಿದವರು 3.76 ಕೋಟಿ.

ಈ ಸಂಖ್ಯೆಗಳ ಹಿಂದೆ ಇನ್ನೊಂದು ಸಂಖ್ಯೆಯಿದೆ, ಅದನ್ನು ಮಾಧ್ಯಮಗಳು ಅಷ್ಟಾಗಿ ಎತ್ತಿ ಆಡಲಿಲ್ಲ. 2023ರ ಆರಂಭದ ತ್ರೈಮಾಸಿಕದಲ್ಲಿ ಹಾಟ್‌ಸ್ಟಾರ್‌ನ ಒಬ್ಬ ಚಂದಾದಾರನಿಂದ ಡಿಸ್ನಿಗೆ ಸಿಗುತ್ತಿದ್ದದ್ದು ತಿಂಗಳಿಗೆ ಸರಾಸರಿ 59 ಸೆಂಟ್, ಅಂದರೆ ಐವತ್ತು ರೂಪಾಯಿಗಿಂತ ಕಮ್ಮಿ. ಅಮೆರಿಕ, ಕೆನಡಾಗಳ ಚಂದಾದಾರ ಕೊಡುತ್ತಿದ್ದದ್ದು 7.14 ಡಾಲರ್. ಒಂದು ಪ್ಲೇಟ್ ಮಸಾಲೆದೋಸೆಗೂ ಸಾಲದ ಮೊತ್ತವನ್ನು ಕೋಟಿಗಟ್ಟಲೆ ಜನರಿಂದ ಕೂಡಿಹಾಕಿ ಎಸೆತಕ್ಕೆ ಲಕ್ಷಗಳನ್ನು ಕಟ್ಟುವ ವ್ಯಾಪಾರ ಎಷ್ಟು ದಿನ ನಡೆದೀತು? ಕ್ಯಾಲಿಫೋರ್ನಿಯಾದ ಡಿಸ್ನಿ ಯಜಮಾನರಿಗೆ ಈ ಲೆಕ್ಕ ಕೂಡಿಬರಲಿಲ್ಲ. ಆದರೂ 2023ರ ವಿಶ್ವಕಪ್ ಬಂದಾಗ ಅವರೂ ಮೊಬೈಲಿನಲ್ಲಿ ಎಲ್ಲ ಪಂದ್ಯಗಳನ್ನು ಬಿಟ್ಟಿ ತೋರಿಸಿದರು. ಎದುರಂಗಡಿಯವನು ಪುಕ್ಕಟೆ ಹಂಚುವಾಗ ಗಲ್ಲಾಪೆಟ್ಟಿಗೆ ಮುಂದೆ ಒಬ್ಬನೇ ಕೂತು ಏನು ಮಾಡುವುದು! ನವೆಂಬರ್ 19ರ ಫೈನಲಿಗೆ ಏಕಕಾಲಕ್ಕೆ 5.9 ಕೋಟಿ ವೀಕ್ಷಕರು. ದಾಖಲೆಯೇನೋ ಸಿಕ್ಕಿತು.

ರಿಲಯನ್ಸ್‌ಗೆ ಇದು ಹೊಸ ಆಟವಲ್ಲ. 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾದಾಗ ಕರೆ, ಡೇಟಾ ಎರಡೂ ಬಿಟ್ಟಿ. ಡಿಸೆಂಬರ್ ತನಕ ಎಂದದ್ದು ಮುಂದಿನ ಮಾರ್ಚ್ ತನಕ ಹಿಗ್ಗಿತು. ಆರು ತಿಂಗಳೊಳಗೆ 10 ಕೋಟಿ ಗಿರಾಕಿಗಳು. ಏರ್‌ಟೆಲ್ ಸ್ಪರ್ಧಾ ಆಯೋಗದ ಬಾಗಿಲು ತಟ್ಟಿತು, 2017ರ ಜೂನ್‌ನಲ್ಲಿ ಆ ದೂರು ಬಿದ್ದುಹೋಯಿತು. ಕಾನೂನಿನ ತರ್ಕ ಸ್ವಾರಸ್ಯವಾಗಿದೆ: ಮಾರುಕಟ್ಟೆಯಲ್ಲಿ ಬಲಾಢ್ಯನಾದವನು ಬೆಲೆ ತಗ್ಗಿಸಿ ಬೇರೆಯವರನ್ನು ಮುಗಿಸಿದರೆ ಅದು ತಪ್ಪು; ಈಗಷ್ಟೇ ಕಾಲಿಟ್ಟವನು ಬಿಟ್ಟಿ ಕೊಟ್ಟರೆ ಅದು ಪೈಪೋಟಿ. ಜಿಯೋ ಆಗ ಹೊಸಬ. ಅದು ಹಳಬನಾಗುವಷ್ಟರಲ್ಲಿ ಏರ್‌ಸೆಲ್ ದಿವಾಳಿಯಾಗಿತ್ತು, ವೊಡಾಫೋನ್ ಮತ್ತು ಐಡಿಯಾ ಒಂದಾಗಿದ್ದವು, ಖಾಸಗಿ ಕಂಪನಿಗಳೆಂದು ಹೆಸರಿಸಲು ಮೂರೇ ಉಳಿದಿದ್ದವು. ಆ ಮೂರೂ 2019, 2021 ಮತ್ತು 2024ರಲ್ಲಿ ಹೆಚ್ಚುಕಡಿಮೆ ಒಟ್ಟೊಟ್ಟಿಗೇ ದರ ಏರಿಸಿದವು.

ಇದನ್ನೆಲ್ಲ ಬರೀ ಸಂಚು ಎನ್ನುವುದೂ ಸರಿಯಲ್ಲ. ಹಳ್ಳಿಯ ಹುಡುಗ ಮೊದಲ ಸಲ ಹೊಟ್ಟೆ ತುಂಬ ಇಂಟರ್‌ನೆಟ್ ಕಂಡದ್ದು ಆ ಬಿಟ್ಟಿ ಸಿಮ್ಮಿನಿಂದಲೇ. ಕೇಬಲ್ಲಿಗೆ ದುಡ್ಡಿಲ್ಲದ ಮನೆಯವರೂ ಎರಡು ವರ್ಷ ಕೊಹ್ಲಿಯ ಆಟವನ್ನು ಕನ್ನಡದ ಕಾಮೆಂಟರಿಯಲ್ಲಿ ನೋಡಿದರು. ಲಾಭ ನಿಜವಾಗಿಯೂ ಜನರಿಗೆ ತಲುಪಿತು, ಆದರೆ ಅದಕ್ಕೆ ವಾಯಿದೆಯಿತ್ತು. ಎರಡು ಅಂಗಡಿಗಳ ಜಗಳ ನಡೆಯುವಷ್ಟು ದಿನ ಮಾತ್ರ.

ಜಗಳ ನಿಂತದ್ದು 2024ರ ಫೆಬ್ರುವರಿ 28ಕ್ಕೆ. ಸ್ಟಾರ್ ಇಂಡಿಯಾವನ್ನೂ ವಯಾಕಾಮ್18 ಅನ್ನೂ ಕೂಡಿಸುವುದಾಗಿ ಅಂದು ರಿಲಯನ್ಸ್ ಮತ್ತು ಡಿಸ್ನಿ ಘೋಷಿಸಿದವು. ಕೆಲವು ಷರತ್ತುಗಳೊಂದಿಗೆ ಆಗಸ್ಟಿನಲ್ಲಿ ಸ್ಪರ್ಧಾ ಆಯೋಗ ಒಪ್ಪಿತು, ನವೆಂಬರ್ 14ಕ್ಕೆ ಕೂಡಿಕೆ ಮುಗಿಯಿತು. ಹೊಸ ಕಂಪನಿಯ ಮೌಲ್ಯ 70,352 ಕೋಟಿ ರೂಪಾಯಿ; ಡಿಸ್ನಿಗೆ ಸುಮಾರು ಶೇಕಡ 37ರಷ್ಟು ಪಾಲು, ಹಿಡಿತ ರಿಲಯನ್ಸ್‌ನದು. ನೀತಾ ಅಂಬಾನಿ ಅಧ್ಯಕ್ಷೆ, ಉದಯ ಶಂಕರ್ ಉಪಾಧ್ಯಕ್ಷರು.

ಉದಯ ಶಂಕರ್ ಅವರ ಹಾದಿಯನ್ನು ಹಿಂಬಾಲಿಸಿದರೆ ಈ ಇಡೀ ಕಥೆ ಒಂದು ಧಾರಾವಾಹಿಯ ಹಾಗೆ ಕಾಣುತ್ತದೆ. ಹಾಟ್‌ಸ್ಟಾರ್ ಹುಟ್ಟಿದಾಗ ಸ್ಟಾರ್ ಇಂಡಿಯಾದ ಚುಕ್ಕಾಣಿ ಅವರ ಕೈಯಲ್ಲಿತ್ತು. 2020ರ ಕೊನೆಗೆ ಡಿಸ್ನಿ ಬಿಟ್ಟರು. ಆಮೇಲೆ ಸ್ಟಾರನ್ನು ಮಾರಿದ ಮರ್ಡೋಕ್‌ರ ಮಗ ಜೇಮ್ಸ್ ಜೊತೆಗೂಡಿ ಬೋಧಿ ಟ್ರೀ ಎಂಬ ಸಂಸ್ಥೆ ಕಟ್ಟಿ ವಯಾಕಾಮ್18ರಲ್ಲಿ ಹಣ ಹೂಡಿದರು. ತಾವು ಬೆಳೆಸಿದ ಆ್ಯಪ್‌ನಿಂದ ಐಪಿಎಲ್ ಕಸಿದುಕೊಂಡ ಕಂಪನಿಯಲ್ಲಿ ಅವರ ಪಾಲಿತ್ತು. ಈಗ ಎರಡೂ ಮನೆಗಳು ಒಂದಾದ ಮೇಲೆ ಹಳೆಯ ಕುರ್ಚಿಯ ಹತ್ತಿರಕ್ಕೇ ಮರಳಿದ್ದಾರೆ.

ಕನ್ನಡದ ವೀಕ್ಷಕರಿಗೆ ಈ ಕೂಡಿಕೆ ಕ್ರಿಕೆಟ್‌ಗಿಂತ ಹತ್ತಿರದ್ದು. ಕಲರ್ಸ್ ಕನ್ನಡ ವಯಾಕಾಮ್18ರದ್ದಾಗಿತ್ತು, ಸ್ಟಾರ್ ಸುವರ್ಣ ಡಿಸ್ನಿಯದು. ಸಂಜೆಯ ಧಾರಾವಾಹಿಗಳಲ್ಲಿ ಒಂದಕ್ಕೊಂದು ಸೆಡ್ಡು ಹೊಡೆಯುತ್ತಿದ್ದ ವಾಹಿನಿಗಳು ಇವು. ಸುದೀಪ್ ನಡೆಸುವ ಬಿಗ್ ಬಾಸ್‌ನ ಮೊದಲ ಸೀಸನ್ 2013ರಲ್ಲಿ ಈಟಿವಿ ಕನ್ನಡದಲ್ಲಿ ಬಂತು (ಕಲರ್ಸ್‌ನ ಹಳೆಯ ಹೆಸರು), ಎರಡನೆಯದು ಸುವರ್ಣಕ್ಕೆ ಹಾರಿತು, ಮೂರನೆಯದಕ್ಕೆ ಮತ್ತೆ ತವರಿಗೆ. ಒಂದು ಕಾರ್ಯಕ್ರಮಕ್ಕಾಗಿ ಎರಡು ಮನೆಗಳು ಎಳೆದಾಡುವ ಆ ಕಾಲ ಮುಗಿಯಿತು. ಎಳೆದಾಡಲು ಈಗ ಜೀ಼ ಕನ್ನಡ, ಉದಯ ಟಿವಿಗಳು ಉಳಿದಿವೆ. ಧಾರಾವಾಹಿ ಬರೆಯುವವರಿಗೆ, ನಿರ್ಮಾಪಕರಿಗೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟುವ ಅನುಕೂಲ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಜಾಹೀರಾತುದಾರರ ಪಾಡೂ ಅದೇ. 2023ರಲ್ಲಿ ಟಿವಿಯವನ ದರ ಜಾಸ್ತಿಯಾದರೆ ಡಿಜಿಟಲ್‌ನವನ ಹತ್ತಿರ ಹೋಗಬಹುದಿತ್ತು. ಈಗ ಎರಡೂ ಕಡೆ ಕೂತಿರುವವನು ಒಬ್ಬನೇ. ಕ್ರಿಕೆಟ್ ಮಂಡಳಿಯೂ ಇನ್ನು ಸ್ವಲ್ಪ ಯೋಚಿಸಬೇಕು: ಅಮೆಜಾನ್ ಹರಾಜಿಗೆ ಮೊದಲೇ ಹಿಂದೆ ಸರಿದಿದ್ದರೂ ಮಂಡಳಿಯ ಖಜಾನೆ ತುಂಬಿದ್ದು ಡಿಸ್ನಿ, ರಿಲಯನ್ಸ್ ಇಬ್ಬರ ಹಟದಿಂದ. ಈಗಿನ ಕರಾರು 2027ಕ್ಕೆ ಮುಗಿಯುತ್ತದೆ. ಜೀ಼ ಮತ್ತು ಸೋನಿ ಒಂದಾಗಿ ಎದುರು ನಿಲ್ಲಬಹುದೆಂಬ ನಿರೀಕ್ಷೆಯೂ 2024ರ ಜನವರಿಯಲ್ಲಿ ಮುರಿದುಬಿತ್ತು.

ಇನ್ನು ನೋಡುಗರು. 2025ರ ಫೆಬ್ರುವರಿ 14ರಂದು ಎರಡು ಆ್ಯಪ್‌ಗಳು ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಐಪಿಎಲ್ ಕೆಲವು ನಿಮಿಷ ಬಿಟ್ಟಿ, ಆಮೇಲೆ ಚಂದಾ. ಆಗ ಮೊಬೈಲಿಗೆ ಮೂರು ತಿಂಗಳಿಗೆ 149 ರೂಪಾಯಿ. ಜಿಯೋ ಗಿರಾಕಿಗಳಿಗೊಂದು ರಿಯಾಯಿತಿಯೂ ಬಂತು: ದಿನಕ್ಕೆ 1.5 ಜಿಬಿಯ 299 ರೂಪಾಯಿ ಪ್ಲಾನ್ ಅಥವಾ ಅದಕ್ಕಿಂತ ದೊಡ್ಡದನ್ನು ಹಾಕಿಸಿದರೆ 90 ದಿನ ಜಿಯೋಹಾಟ್‌ಸ್ಟಾರ್ ಉಚಿತ. ಹಿಂದಿನ ವರ್ಷದ ಜುಲೈಗೆ ಮೊದಲು ಅದೇ ಪ್ಲಾನ್ 239 ರೂಪಾಯಿಗೆ ಸಿಗುತ್ತಿತ್ತು.